ಉಪ್ಪು, ಇದ್ದಿಲು, ತಾಮ್ರದ ತಗಡು

ನನ್ನ ಗಂಡ ದಂಡಿನಿಂದ ಬಿಡುಗಡೆಯಾಗಿ ಮಸ್ಕಿಗೆ ಬಂದ ದಿನ ನಾನು ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದೆ. ಖಾಕಿ ಚಡ್ಡಿ ತೊಟ್ಟ, ತಲೆಯ ಮೇಲೆ ಕಬ್ಬಿಣದ ಪೆಟ್ಟಿಗೆ ಹೊತ್ತ ಒಬ್ಬ ಮನುಷ್ಯ ಬೇಲಿ ದಾಟಿ ಬಂದ. ಯಾರೋ ಕಚೇರಿಯ ಜವಾನ ಇರಬೇಕೆಂದು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಹೊರಗೆ ಇಣುಕಿ ನೋಡಿ, "ಜವಾನ ಅಲ್ಲಬೇ, ನಿನ್ನ ಗಂಡ" ಎಂದಳು. ಗುರುತು ಸಿಗದಿದ್ದುದು ನನ್ನ ತಪ್ಪಲ್ಲ. ಮದುವೆಯಾದ ಆರು ತಿಂಗಳಿಗೇ ಅವನು ಮನೆ ಬಿಟ್ಟು ಹೋಗಿದ್ದ. ಬಳ್ಳಾರಿಯ ತನಕ ನಡೆದು ಇಂಗ್ರೇಜಿ ಸರ್ಕಾರದ ಪಲ್ಟನ್ನು ಸೇರಿ, ಯುದ್ಧ ಮುಗಿದ ಮೇಲೆ ಬಂದಿದ್ದ. ನಡುವೆ ಒಂದು ಸಲ ರಜೆಯಲ್ಲಿ ಬಂದಾಗ ನಾನು ಮುದಗಲ್ಲಿನ ತವರಲ್ಲಿ ಜ್ವರ ಬಂದು ಮಲಗಿದ್ದೆ.

ಯುದ್ಧದಲ್ಲಿ ಏನು ಮಾಡಿದೆ ಎಂದು ಊರವರು ಕೇಳುತ್ತಿದ್ದರು. ತಂತಿ ಎಳೆದೆ ಎನ್ನುತ್ತಿದ್ದ. ಬೆನ್ನಿಗೆ ತಂತಿಯ ಸುರುಳಿ ಕಟ್ಟಿಕೊಂಡು ಒಂದು ಡೇರೆಯಿಂದ ಇನ್ನೊಂದು ಡೇರೆಗೆ ಮಾತಾಡುವ ಡಬ್ಬಿಯ ತಂತಿ ಹಾಸುವುದು, ಮರುದಿನ ಅದನ್ನೇ ಸುತ್ತಿಕೊಂಡು ಮುಂದೆ ಹೋಗುವುದು. ಬಂದೂಕು? ಗುರಿ ಕಲಿಸುವಾಗ ಹಾರಿಸಿದ್ದೆ, ಅಷ್ಟೆ ಎನ್ನುತ್ತಿದ್ದ. ಜನಕ್ಕೆ ಬೇಸರವಾಗಿ ಎದ್ದು ಹೋಗುತ್ತಿದ್ದರು.

ನಮ್ಮದು ಕುರಿಯ ಮನೆತನ. ಮಳೆಗಾಲ ಮುಗಿದ ಮೇಲೆ ಗಂಡಸರು ಹಿಂಡು ಹೊಡೆದುಕೊಂಡು ಹೋದರೆ ಎಂಟು ತಿಂಗಳು ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ಹೆಂಗಸರು ಮನೆಯಲ್ಲಿ ಉಳಿಯುತ್ತಾರೆ. ನನ್ನ ಗಂಡ ಪಲ್ಟನ್ನಿಗೆ ಹೋದದ್ದು ದೇಶಕ್ಕಾಗಿ ಅಲ್ಲ, ಕುರಿಯಿಂದ ತಪ್ಪಿಸಿಕೊಳ್ಳಲು. ಆದ್ದರಿಂದ ಬಂದ ಮೂರನೆಯ ದಿನಕ್ಕೇ ಜಗಳ ಆಯಿತು. ಮನೆಯ ಯಜಮಾನಿಕೆ ಅವನ ಅಣ್ಣನದು, ಅಂದರೆ ನನ್ನ ಭಾವನದು. ಊಟಕ್ಕೆ ಕುಳಿತಾಗ ಭಾವ ಶುರು ಮಾಡಿದ.

"ಬಂದೀಯಲ್ಲ, ಕಂಬಳಿ ತಗೋ. ಅಮಾಸಿ ಕಳದ ಮ್ಯಾಲ ಹಿಂಡು ಹೊಂಡತೈತಿ."

"ನಾ ಕುರಿ ಕಾಯಾಂಗಿಲ್ಲಣ್ಣ. ಲಿಂಗಸುಗೂರಾಗ ಸಾಲಿಗೆ ಹೋಗ್ತೀನಿ."

"ಸಾಲಿಗಾ? ಮೀಸಿ ಬೋಳಿಸ್ಕೊಂಡು ಹೋಗು ಮತ್ತ. ಇಲ್ಲಂದ್ರ ಮಾಸ್ತರ ನಿನಗ ಕೈ ಮುಗೀತಾನ."

ಎಲ್ಲರೂ ನಕ್ಕರು. ಒಲೆಯ ಮುಂದೆ ಕುಳಿತು ನಾನೂ ನಕ್ಕೆ. ನನ್ನ ಗಂಡ ನಗಲಿಲ್ಲ. ದಂಡಿನಿಂದ ಬಿಡುಗಡೆಯಾದವರಿಗೆ ಕೆಲಸ ಕಲಿಸುವ ಶಾಲೆ ಅದು. ಬಡಗಿತನ, ಕಮ್ಮಾರಿಕೆ, ಬಿಜಲಿ, ಮೂರು ಕಲಿಸುತ್ತಾರೆ. ತಾನು ಬಿಜಲಿಗೆ ಹೆಸರು ಬರೆಸಿ ಬಂದಿದ್ದೇನೆ ಎಂದ. ಮಸ್ಕಿಯಲ್ಲಿ ಆಗ ಒಂದು ದೀಪ ಕೂಡ ಬಿಜಲಿಯದು ಇರಲಿಲ್ಲ. ಭಾವ ರೊಟ್ಟಿ ಮುರಿಯುತ್ತ ಯೋಚಿಸಿದ. ಕೆಟ್ಟವನಲ್ಲ, ಆದರೆ ಅವನಿಗೆ ಆಳು ಬೇಕಿತ್ತು.

"ನೋಡು, ಒಂದು ಮಾತು. ಮುಂದಿನ ವರ್ಷ ಹಿಂಡು ಹೊಂಡೋದ್ರಾಗ ಸನದು ತಂದು ನನ್ನ ಕೈಯಾಗ ಇಡು. ತಂದ್ರ ನಿನ್ನ ದಾರಿ ನಿನಗ. ತರಲಿಲ್ಲಂದ್ರ ತುಟಿ ಎರಡು ಮಾಡಲಾರದ ಕುರಿ ಹಿಂದ ನಡೀಬೇಕು. ಸಾಯೋತನಕ."

"ಆತು" ಎಂದು ನನ್ನ ಗಂಡ ಅಣ್ಣನ ಕೈ ಮೇಲೆ ಕೈ ಹೊಡೆದ.

ಕೆಲಸ ಕಲಿತವನೆಂದು ಶಾಲೆ ಬರೆದುಕೊಡುವ ಆ ಸನದು ನನಗೂ ಬೇಕಿತ್ತು. ಗಂಡನ ಮೇಲಿನ ಪ್ರೀತಿಗೆ ಎಂದು ಯಾರೂ ತಿಳಿಯಬಾರದು. ಅವನು ಕುರಿ ಹಿಂದೆ ಹೋದರೆ ವರ್ಷದಲ್ಲಿ ಎಂಟು ತಿಂಗಳು ನಾನು ಅತ್ತೆಯ ಕೈಕೆಳಗೆ ಇರಬೇಕು. ಅದನ್ನು ನಾಲ್ಕು ವರ್ಷ ಮಾಡಿ ನೋಡಿದ್ದೆ. ಸಾಕಾಗಿತ್ತು.

ಶಾಲೆ ಇದ್ದದ್ದು ಲಿಂಗಸುಗೂರಿನಲ್ಲಿ, ಹಿಂದೊಂದು ಕಾಲಕ್ಕೆ ದಂಡು ಇದ್ದ ಕಡೆ ಉಳಿದ ಹಳೆಯ ಬಂಗಲೆಯೊಂದರಲ್ಲಿ. ಬಿಜಲಿ ಕಲಿಸುವವನು ಒಬ್ಬ ಮುದುಕ ಉಸ್ತಾದ. ಅವನ ಎಡಗೈಯ ಒಂದು ಬೆರಳಿಗೆ ತುದಿ ಇರಲಿಲ್ಲವಂತೆ. ತಂತಿಗೆ ತಂತಿ ಜೋಡಿಸಿ ಹೊಸೆಯುವುದನ್ನು ಕಲಿಸಿದ ಮೇಲೆ, ಆ ಜೋಡಿಸಿದ ತಂತಿಯನ್ನು ಬೇವಿನ ಕೊಂಬೆಗೆ ಕಟ್ಟಿ, ಹೊಸೆದವನನ್ನೇ ಅದಕ್ಕೆ ಜೋತುಬೀಳಿಸುತ್ತಿದ್ದನಂತೆ. ಬಿಚ್ಚಿಕೊಂಡರೆ ಕೆಳಗೆ ಬೀಳುವುದು, ಮತ್ತೆ ಹೊಸೆಯುವುದು. ನನ್ನ ಗಂಡ ಎರಡು ಸಲ ಬಿದ್ದ. ಮೂರನೆಯ ಸಲ ಜೋತುಬಿದ್ದು ಉಸ್ತಾದ ಹುಕುಂ ಕೊಡುವ ತನಕ ಇಳಿಯಲಿಲ್ಲವಂತೆ.

ತಿಂಗಳಿಗೊಮ್ಮೆ ಮಸ್ಕಿಗೆ ಬರುತ್ತಿದ್ದ. ಬಂದರೂ ಸುಮ್ಮನಿರುತ್ತಿರಲಿಲ್ಲ. ದನದ ಕೊಟ್ಟಿಗೆಯ ಗೋಡೆಗೆ ಗೂಟ ಹೊಡೆದು ಪುಂಡಿನಾರಿನ ಹುರಿ ಎಳೆದು, ಇದು ದೀಪ, ಇದು ಗುಂಡಿ, ಇದು ಡೈನಮೋ ಎನ್ನುತ್ತಿದ್ದ. ಇನ್ನೊಂದು ತುದಿ ಹಿಡಿಯಲು ನಾನೇ ಬೇಕು. ಹೀಗಾಗಿ ನನಗೂ ಅಷ್ಟಿಷ್ಟು ತಿಳಿಯಿತು. ಒಂದು ತಂತಿಯಲ್ಲಿ ಹೋಗುತ್ತದೆ, ಒಂದರಲ್ಲಿ ತಿರುಗಿ ಬರುತ್ತದೆ.

"ಮತ್ತ ಇದು ಮೂರನೇದ್ಯಾಕ?" ಎಂದು ಕೇಳಿದೆ.

"ಅದು ನೆಲಕ್ಕ. ಯಂತ್ರದ ಮೈಗೆ ಕರೆಂಟ್ ಸೋರಿದ್ರ ಮುಟ್ಟಿದವರಿಗೆ ಹೊಡಿಬಾರದು. ನೆಲಕ್ಕ ಹೋಗಿಬಿಡಬೇಕು."

"ನೆಲ ಸುಮ್ನ ತಗೊಂತೈತೇನು?"

"ಒದ್ದಿ ಇದ್ರ ತಗೊಂತೈತಿ."

ಅವನು ಲಿಂಗಸುಗೂರಿಗೆ ಹೋದ ಮೇಲೆ ಅತ್ತೆ ಆ ಹುರಿಗಳ ಮೇಲೆ ಮೆಣಸಿನಕಾಯಿ ಒಣಹಾಕಿದಳು.

ಶಾಲೆ ಮುಗಿದರೂ ಸನದು ಕೈಗೆ ಕೊಡಲಿಲ್ಲ. ಎಲ್ಲಾದರೂ ಒಂದು ಕಡೆ ನಾಲ್ಕು ತಿಂಗಳು ಕೆಲಸ ಮಾಡಬೇಕು, ಕೊನೆಗೆ ಉಸ್ತಾದನೇ ಬಂದು ಕೆಲಸ ನೋಡಬೇಕು, ಸರಿ ಇದ್ದರೆ ಸನದು. ಸಿಂಧನೂರಿನಲ್ಲಿ ಒಬ್ಬ ಸಾವ್ಕಾರ ಹತ್ತಿಯ ಮಿಲ್ಲಿಗೆ ಹೊಸದಾಗಿ ಡೈನಮೋ ತರಿಸಿದ್ದ. ಉಸ್ತಾದ ನನ್ನ ಗಂಡನನ್ನು ಅಲ್ಲಿಗೆ ಕಳಿಸಿದ. ಅಡುಗೆಗೆ ಯಾರಾದರೂ ಬೇಕಲ್ಲ ಎಂದು ನಾನೂ ಹೋದೆ. ಮಿಲ್ಲಿನ ಗೋಡೆಗೆ ಹೊಂದಿದ ಒಂದು ಕೋಣೆ ನಮ್ಮ ಸಂಸಾರ. ಪಕ್ಕದಲ್ಲೇ ಸಾವ್ಕಾರನ ದೊಡ್ಡ ಮನೆ. ಅಲ್ಲಿ ಮೂವರು ಇದ್ದರು: ಸಾವ್ಕಾರ, ಅವನ ವಿಧವೆ ತಾಯಿ, ಮತ್ತು ಅವನ ಹೆಂಡತಿ. ಆ ಹೆಂಡತಿಗೆ ಎರಡು ಸಲ ಬಸಿರು ಇಳಿದಿತ್ತು. ಮನೆಯಲ್ಲಿ ಅದೊಂದೇ ಚಿಂತೆ.

ಹತ್ತಿ ಬಿಡಿಸುವ ಯಂತ್ರಗಳನ್ನು ಎಣ್ಣೆಯ ಇಂಜಿನ್ನೇ ಪಟ್ಟಿ ಹಾಕಿ ತಿರುಗಿಸುತ್ತಿತ್ತು. ಡೈನಮೋದಿಂದ ದೀಪ ಹತ್ತುತ್ತಿದ್ದವು, ಬಾವಿಯ ನೀರೆತ್ತುವ ಮೋಟಾರು ನಡೆಯುತ್ತಿತ್ತು. ಮೋಟಾರು ಹಳೆಯದು, ಎಲ್ಲಿಂದಲೋ ತಂದದ್ದು. ಅದರ ಮೈಗೆ ಸ್ವಲ್ಪ ಕರೆಂಟು ಸೋರುತ್ತಿತ್ತು. ನನ್ನ ಗಂಡ ಅದನ್ನು ಮೊದಲೇ ಕಂಡುಹಿಡಿದು, ನೆಲದ ತಂತಿಯನ್ನು ಗಟ್ಟಿಯಾಗಿ ಮಾಡಬೇಕೆಂದು ಪಂಪಿನ ಹತ್ತಿರ ಎದೆಯುದ್ದ ಕುಣಿ ತೋಡಿದ. ಅದರಲ್ಲಿ ತಾಮ್ರದ ತಗಡು ಹೂಳಿ, ತಗಡಿಗೆ ತಂತಿ ಬಿಗಿದು, ಸುತ್ತಲೂ ಒಂದು ಪದರ ಉಪ್ಪು ಒಂದು ಪದರ ಇದ್ದಿಲು ತುಂಬಬೇಕು. ನೆಲ ಒಣಗದಿರಲಿ ಎಂದು ದಿನವೂ ನೀರು ಹೊಯ್ಯಬೇಕು. ಉಪ್ಪು ಪುಡಿ ಮಾಡಿದವಳು ನಾನು. ಇದ್ದಿಲು ಕುಟ್ಟಿದವಳೂ ನಾನು. ದಿನಾ ಬೆಳಗ್ಗೆ ಎರಡು ಕೊಡ ನೀರು ಹೊಯ್ಯುವುದೂ ನನ್ನ ಪಾಲಿಗೆ ಬಂತು.

ಇಲ್ಲಿ ನಾವು ತಪ್ಪು ಮಾಡಿದೆವು. ಕುಣಿ ಮುಚ್ಚಿದ್ದು ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಮಿಲ್ಲು ಬಂದ್, ಪಂಪು ಬೇಡ, ಕೆಲಸಕ್ಕೆ ಅನುಕೂಲ. ನಮ್ಮ ತಲೆಯಲ್ಲಿ ಅಷ್ಟೇ ಇತ್ತು. ಎರಡನೆಯದು, ಯಾರಿಗೂ ಏನೂ ಹೇಳಲಿಲ್ಲ. ಹತ್ತಿ ಆರಿಸಲು ಬರುವ ಹೆಂಗಸರು ನನ್ನನ್ನು ಕೇಳಿದ್ದರು.

"ಏನ್ ಹೂಳಿದ್ರಿಬೇ?"

"ನನಗೇನ್ ಗೊತ್ತು? ಆತನ್ನ ಕೇಳ್ರಿ" ಎಂದೆ. ವಿವರಿಸಿ ಹೇಳಲು ಬೇಸರ.

ಅವರು ಅವನನ್ನು ಕೇಳಿದರು. ಅವನು ಪಲ್ಟನ್ನಿನ ಮನುಷ್ಯ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಹೊರಗಿನವರ ಮುಂದೆ ಬಾಯಿ ಬಿಡಬಾರದೆಂದು ಅವನಿಗೆ ನಾಲ್ಕು ವರ್ಷ ಕಲಿಸಿದ್ದರು. "ಅದನ್ನ ಕೇಳಬ್ಯಾಡ್ರಿ. ಯಾರೂ ಆ ಕಡಿ ಹಾಯಬ್ಯಾಡ್ರಿ" ಎಂದ. ಅಮಾವಾಸ್ಯೆ, ತಾಮ್ರದ ತಗಡು, ಉಪ್ಪು, ಇದ್ದಿಲು, ಮೇಲೆ ಈ ಮಾತು. ಇನ್ನೇನು ಬೇಕು?

ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಯುಗಾದಿಗೆ ನಾವಿಬ್ಬರೂ ಎರಡು ದಿನ ಮಸ್ಕಿಗೆ ಹೋಗಿ ಬಂದೆವು. ಬಂದ ಮರುದಿನ ಮಿಲ್ಲಿನ ಹೆಂಗಸರು ಪಂಪಿನ ನಳದ ಹತ್ತಿರ ಕೈ ತೊಳೆಯಲು ನಿಂತಿದ್ದರು. ನಾನು ಬಟ್ಟೆ ಒಗೆಯುತ್ತಿದ್ದೆ.

"ಏ, ಜುಮ್ ಅಂತು ನೋಡಬೇ ನಳ!"

"ನಳ ಅಂತೋ, ನೀ ಅಂದ್ಯೋ? ಗಂಡ ಊರಿಂದ ಬಂದಾನೇನು?"

"ನಗಬ್ಯಾಡ, ನೀನೇ ಹಿಡಿ ಹಂಗಾರ."

ಹಿಡಿದವಳು "ಯವ್ವಾ!" ಎಂದು ಕೂಗಿ ಕೈ ಕೊಡವಿದಳು. ಒಬ್ಬಳಾದ ಮೇಲೆ ಒಬ್ಬಳು ಹಿಡಿದು ನೋಡಿದರು, ಕೂಗಿದರು, ನಕ್ಕರು. ಆಮೇಲೆ ವಯಸ್ಸಾದ ಒಬ್ಬಳು, "ನಗೋ ಮಾತಲ್ಲಿದು. ಅವ್ವ ಬಂದು ನಿಂತಾಳ" ಎಂದಳು. ಮರುದಿನ ನಳಕ್ಕೆ ಕುಂಕುಮ ಹಚ್ಚಿ ಎರಡು ಹಸಿರು ಬಳೆ ತೊಡಿಸಿದ್ದರು. ಯಾರೂ ಮುಟ್ಟಲಿಲ್ಲ. ಕೈ ತೊಳೆಯದೆ ಬುತ್ತಿ ಉಂಡರು.

ನನ್ನ ಗಂಡ ಓಡಿ ಬಂದ. ನೆಲದ ತಂತಿಯನ್ನು ಕುಣಿಯ ಹತ್ತಿರ ಹಿಡಿದು ಎಳೆದು ನೋಡಿದ. ಬಿಗಿಯಾಗಿತ್ತು. ಅಲ್ಲಿ ಸರಿ ಇದೆ, ದೋಷ ಮೋಟಾರಿನಲ್ಲಿ ಹೆಚ್ಚಾಗಿದೆ ಎಂದುಕೊಂಡು ಮೋಟಾರು ಬಿಚ್ಚಿದ. ಒರೆಸಿದ, ಬಿಸಿಲಿಗೆ ಇಟ್ಟ, ಕೂಡಿಸಿದ. ಮತ್ತೆ ಜುಮ್. ಮತ್ತೆ ಬಿಚ್ಚಿದ. ಮೂರು ವಾರ ಇದೇ ಕೆಲಸ. ಪಂಪು ನಡೆಸುವುದು ಬಿಟ್ಟು ಮಿಲ್ಲಿಗೆ ಕೊಡದಿಂದ ನೀರು ಹೊರಿಸಿದರು. ಅಷ್ಟರಲ್ಲಿ ಲಿಂಗಸುಗೂರಿನಿಂದ ಹೇಳಿಕೆ ಬಂತು: ಎಂಟು ದಿನಕ್ಕೆ ಉಸ್ತಾದ ಬರುತ್ತಾನೆ.

"ಈ ನಳ ಮುಟ್ಟಿದ ಕೂಡಲೇ ಸನದಿನ ಮಾತು ಮುಗೀತು" ಎಂದ ನನ್ನ ಗಂಡ. ರೊಟ್ಟಿಯನ್ನು ಹಾಗೇ ತಾಟಿನಲ್ಲಿ ಬಿಟ್ಟಿದ್ದ.

"ಉಣ್ಣು. ಕುರಿ ಹಿಂದ ಹೋಗಾಕೂ ತಾಕತ್ತು ಬೇಕು" ಎಂದೆ.

ಮಸ್ಕಿಯಿಂದ ಬಂದ ಮೇಲೂ ನಾನು ಮಾತ್ರ ಕುಣಿಗೆ ನೀರು ಹೊಯ್ಯುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಬಾಯಿ ಬಿಡುತ್ತದೆ. ಮರುದಿನ ಎರಡನೆಯ ಕೊಡ ಹೊಯ್ದಾಗ ಬಿರುಕಿನೊಳಗೆ ನೀರು ಗುಳುಗುಳು ಎಂದು ಇಳಿದು, ಮಣ್ಣು ಕುಸಿದು, ಏನೋ ಒಂದು ಮೇಲೆ ತೇಲಿ ಬಂತು. ನಿಂಬೆಹಣ್ಣು. ಒಣಗಿ ಕಪ್ಪಾಗಿತ್ತು, ನಡುವೆ ಕೊಯ್ದು ಕುಂಕುಮ ತುಂಬಿದ್ದರು. ಕೋಲಿನಿಂದ ಕೆದರಿದೆ. ಕೆಂಪು ಮೆಣಸಿನಕಾಯಿ, ಬೇವಿನ ಸೊಪ್ಪು. ಇವನ್ನು ನಾನು ಹಾಕಿರಲಿಲ್ಲ.

ಗಂಡನನ್ನು ಕರೆದೆ. ಅವನು ಸಲಿಕೆ ತಂದು ತೋಡಿದ. ಮೊಣಕಾಲುದ್ದ ತೋಡುವಷ್ಟರಲ್ಲಿ ತಂತಿಯ ತುದಿ ಸಿಕ್ಕಿತು. ಒಡೆದ ಒರಳುಕಲ್ಲಿನ ತುಂಡಿಗೆ ಅದನ್ನು ಸುತ್ತಿ, ಮೇಲೆ ಕರಿದಾರ ಕಟ್ಟಿದ್ದರು. ಬಿಗಿಯಾಗಿದ್ದುದು ಅದಕ್ಕೇ. ತಗಡು ಇಲ್ಲ, ಉಪ್ಪಿಲ್ಲ, ಇದ್ದಿಲಿಲ್ಲ. ಮೂರು ವಾರ ನಾನು ನೀರು ಹೊಯ್ದದ್ದು ಒಂದು ಕಲ್ಲಿಗೆ.

ಮಿಲ್ಲಿನ ಕಾವಲಿನವನು ನಮ್ಮನ್ನು ನೋಡಿ ದೊಡ್ಡ ಮನೆಗೆ ಓಡಿದ. ಸಾವ್ಕಾರನ ತಾಯಿ ಬರಿಗಾಲಲ್ಲೇ ಬಂದಳು.

"ಕೈ ತಗಿ! ಸಲಿಕಿ ಒಗಿಯೋ! ಕಟ್ಟಿದ್ದನ್ನ ಬಿಚ್ಚತೀಯೇನು?"

"ಅವ್ವಾರ, ಇಲ್ಲಿದ್ದ ತಗಡು?" ಎಂದ ನನ್ನ ಗಂಡ.

"ತಗಡು! ಕೇಳ್ತಾನ ನೋಡು ಬಾಯಿಬಿಟ್ಟು. ಅಮಾಸಿ ದಿನ ತಾಮ್ರದ ತಗಡು ಹೂಳೋರು ಯಾರು? ಉಪ್ಪು ಇದ್ದಿಲು ಹಾಕೋರು ಯಾರು? ದಿನಾ ನಸುಕಿನಾಗೆದ್ದು ಕೂದಲ ಬಿಚ್ಗೊಂಡು ನೀರ ಹೊಯ್ಯಾಕಿ ಯಾರು? ನನ್ನ ಸೊಸಿ ಹೊಟ್ಟಿ ತೊಳ್ಯಾಕ ಬಂದೀರೇನು ನೀವು?"

"ಒಂದು ದಿನ ತಲಿ ಎರಕೊಂಡಿದ್ದೆ, ಅದಕ್ಕ ಬಿಚ್ಚಿತ್ತು" ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಸಂಗತಿ ಬಿಡಿಬಿಡಿಯಾಗಿ ತಿಳಿಯಿತು. ಯುಗಾದಿಗೆ ನಾವು ಇಲ್ಲದಾಗ ಕಾವಲಿನವನ ಕೈಯಲ್ಲಿ ಅಗೆಸಿದ್ದಳು. ಮಾಟ ತೆಗೆಯುವ ಒಬ್ಬ ಅಯ್ಯನನ್ನು ಕರೆಸಿದ್ದಳು. ಅವನು ತಗಡನ್ನು ತೊಳೆದು, ಅದರ ಮೇಲೆ ಮೊಳೆಯಿಂದ ಏನೋ ಗೀಚಿ, ಮಾಟದ ತಗಡನ್ನೇ ಕಾಯುವ ತಗಡು ಮಾಡಿದ್ದೇನೆ ಎಂದು ಹೇಳಿ ಸೊಸೆಯ ಕೋಣೆಯ ಬಾಗಿಲ ಮೇಲೆ ಹೊಡೆಸಿದ್ದ. ಅದಾದ ಮೇಲೆ ಸೊಸೆ ಮುಟ್ಟಾಗಿರಲಿಲ್ಲ. ಹತ್ತು ದಿನ ಮೀರಿತ್ತು. ಇನ್ನು ಆ ತಗಡನ್ನು ಇಳಿಸಿಕೊಡುವವರು ಯಾರು? ಈ ನೆಲದಲ್ಲಿ ಮತ್ತೆ ಕುಣಿ ತೋಡಗೊಡುವವರು ಯಾರು?

ಸಾವ್ಕಾರ ಮೆತ್ತಗಿನ ಮನುಷ್ಯ. "ಖರೆ ಐತಿ ನೀ ಹೇಳೋದು. ಆದ್ರ ನಮ್ಮವ್ವನ ಮಾತು ನಾ ಮೀರಾಂಗಿಲ್ಲಪ. ಹೆಂಗರ ಮಾಡಿ ಒಪ್ಪಸ್ರಿ" ಎಂದು ಜಾರಿಕೊಂಡ.

ನನ್ನ ಗಂಡ ಗೋಡೆಗೆ ಒರಗಿ ಕುಳಿತುಬಿಟ್ಟ. ಯುದ್ಧದಲ್ಲಿ ತಂತಿ ಕತ್ತರಿಸುವವರು ಇರುತ್ತಿದ್ದರಂತೆ, ಆದರೆ ಅವರು ಎದುರು ಕಡೆಯವರು. ಇಲ್ಲಿ ಯಾರ ಮೇಲೆ ಸಿಟ್ಟು ಮಾಡುವುದು ಎಂದು ಅವನಿಗೆ ತಿಳಿಯಲಿಲ್ಲ. ಕುಳಿತರೆ ಆಗುವುದಿಲ್ಲ ಎಂದು ನಾನೇ ದೊಡ್ಡ ಮನೆಗೆ ಹೋದೆ. ಮುದುಕಿ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಸೊಸೆ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆಯ ಮೇಲೆ ನಮ್ಮ ತಗಡು ಅರಿಷಿಣ ಬಳಿದುಕೊಂಡು ಹೊಳೆಯುತ್ತಿತ್ತು.

"ಯಾಕ ಬಂದಿ?"

"ಅವ್ವಾರ, ಒಂದು ಕೇಳ್ತೀನಿ. ನನಗ ಮದುವ್ಯಾಗಿ ಐದು ವರ್ಷ ಆತು. ನನಗೂ ಮಕ್ಕಳಿಲ್ಲ. ಮಾಟ ಮಾಡಾಕ ಬರತಿದ್ರ ಮೊದಲ ನನ್ನ ಸಲುವಾಗಿ ಮಾಡ್ಕೊಂತಿದ್ದೆ. ನಿಮ್ಮ ಸೊಸಿ ಹೊಟ್ಟಿ ತಗೊಂಡು ನಾ ಏನ್ ಮಾಡ್ಲಿ?"

ಮುದುಕಿ ಮೊರ ಅಲುಗಿಸುವುದನ್ನು ನಿಲ್ಲಿಸಿದಳು.

"ತಗಡು ಇಳಿಸಬ್ಯಾಡ್ರಿ" ಎಂದಳು ಸೊಸೆ, ಬಾಗಿಲಿನಿಂದಲೇ. ನನಗೆ ಹೇಳಿದಳೋ ಅತ್ತೆಗೆ ಹೇಳಿದಳೋ. ಧ್ವನಿ ಬಹಳ ಸಣ್ಣದು.

"ತಗಡು ಅಲ್ಲೇ ಇರಲಿ. ದಪ್ಪನ್ನ ಕಬ್ಬಿಣದ ತಗಡಾದ್ರೂ ನಡೀತೈತಂತ. ಅಂಗಳದಾಗ ಹಳೇ ಇಂಜಿನ್ನಿಂದು ಬಿದ್ದೈತಿ. ಕುಣಿ ತೋಡಾಕ ಬಿಟ್ರ ಸಾಕು. ಇಲ್ಲಂದ್ರ ನಳ ಹಿಂಗ ಇರತೈತಿ, ನನ್ನ ಗಂಡ ಕುರಿ ಕಾಯಾಕ ಹೋಗ್ತಾನ."

"ಹೋಗಲಿ. ಕುರಿ ಕಾಯೋದೇನ್ ಕೆಟ್ಟದ್ದೇನು?"

"ಕೆಟ್ಟದ್ದಲ್ಲ. ನಾ ಅತ್ತಿ ಕೈಯಾಗ ಸಿಗತೀನಿ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕಿ ಅವಳನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. ಆಮೇಲೆ ತನ್ನ ಷರತ್ತು ಹೇಳಿದಳು. ಹೂಳುವ ಉಪ್ಪನ್ನೂ ಹೂಳುವ ಇದ್ದಿಲನ್ನೂ ಎಲ್ಲರ ಮುಂದೆ ನಾನು ತಿನ್ನಬೇಕು. ಹೊಯ್ಯುವ ನೀರನ್ನು ನಾನು ಕುಡಿಯಬೇಕು.

"ಮಾಟದ್ದಾದ್ರ ನಿನ್ನ ಹೊಟ್ಟಿಗೇ ಬಡೀಲಿ. ಒಪ್ಗೊಂತೀಯೇನು?"

ಉಪ್ಪು ಮುಟ್ಟಿ ಆಣೆ ಮಾಡುವುದು ನಮ್ಮ ಕಡೆ ಸಣ್ಣ ಮಾತಲ್ಲ. ಸುಳ್ಳಾದರೆ ವಂಶ ಉಳಿಯುವುದಿಲ್ಲ ಎನ್ನುತ್ತಾರೆ. ನನಗೆ ಒಳಗೆ ಸ್ವಲ್ಪ ಅಳುಕಾಯಿತು. ನಾನೂ ಅದೇ ಊರುಗಳ ನೀರು ಕುಡಿದವಳು. ಆದರೂ ಒಪ್ಪಿಕೊಂಡೆ.

ಗಂಡ ಕೇಳಿ ಸಿಟ್ಟಿನಿಂದ ಕುಣಿದಾಡಿದ. "ನನ್ನ ಹೆಂಡ್ತಿ ಮಂದಿ ಮುಂದ ಇದ್ದಿಲು ತಿನ್ನಾಂಗಿಲ್ಲ. ನಾ ಏನ್ ಕಳ್ಳನೇನು? ಸನದು ಬ್ಯಾಡ, ಏನೂ ಬ್ಯಾಡ. ನಡಿ ಮಸ್ಕಿಗೆ."

ಗಂಡನಿಗೆ ಬಹುವಚನ ಹಚ್ಚಿ ಮಾತಾಡುವ ಪದ್ಧತಿ ನಮ್ಮ ಮನೆತನದಲ್ಲಿ ಇರಲಿಲ್ಲ. "ನೀ ಪಲ್ಟನ್ನಿಗೆ ಓಡಿ ಹೋಗುವಾಗ ನನ್ನ ಕೇಳಿದ್ಯೇನು?" ಎಂದೆ. "ಈಗ ನಾನೂ ಕೇಳಾಂಗಿಲ್ಲ. ಹೋಗಿ ಕುಣಿ ತೋಡು."

ಉಸ್ತಾದ ಬರಲು ಮೂರು ದಿನ ಇರುವಾಗ, ಸೋಮವಾರ, ಮಿಲ್ಲಿನ ಹೆಂಗಸರನ್ನೆಲ್ಲ ಕರೆದು ನಿಲ್ಲಿಸಿದರು. ಈ ಸಲ ನನ್ನ ಗಂಡ ಕುಣಿಯ ಪಕ್ಕದಲ್ಲಿ ನೆಟ್ಟಗೆ ನಿಂತು, ಕವಾಯತಿನಲ್ಲಿ ಕೂಗುವ ಹಾಗೆ ಒಂದೊಂದನ್ನೂ ಎತ್ತಿ ತೋರಿಸಿ ಹೇಳಿದ.

"ಇದು ಕಬ್ಬಿಣ! ಕರೆಂಟ್ ಇದಕ್ಕ ಬರತೈತಿ! ಇದು ಉಪ್ಪು! ಇದು ಇದ್ದಿಲು! ಎರಡೂ ಒದ್ದಿ ಹಿಡೀತಾವ! ಒದ್ದಿ ಇದ್ರ ಕರೆಂಟ್ ನೆಲಕ್ಕ ಹೋಗತೈತಿ!"

"ಅಣ್ಣಾ, ಕಿವಿ ಅದಾವ ನಮಗ, ಮೆತ್ತಗ ಹೇಳು" ಎಂದಳು ಒಬ್ಬಳು.

"ಇಷ್ಟ ಐತೇನು? ಮೊದಲೇ ಹೇಳಾಕ ನಿನಗೇನ್ ಬ್ಯಾನಿ ಆಗಿತ್ತು?" ಎಂದಳು ಇನ್ನೊಬ್ಬಳು.

ಆಮೇಲೆ ನನ್ನ ಸರದಿ. ಮುದುಕಿ ತಾನೇ ಬುಟ್ಟಿಯೊಳಗೆ ಕೈ ಹಾಕಿ ಒಂದು ಹಿಡಿ ಉಪ್ಪು, ಒಂದು ತುಂಡು ಇದ್ದಿಲು ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಉಪ್ಪು ಬಾಯಿ ಸುಟ್ಟಿತು. ಇದ್ದಿಲಿಗೆ ರುಚಿ ಇಲ್ಲ, ಹಲ್ಲಿನಲ್ಲಿ ಕರಕರ ಎನ್ನುತ್ತದೆ. ನುಂಗಿದೆನೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು. ಕೊಡದ ನೀರು ಕುಡಿದೆ. ಗಡಗಡ ಕುಡಿದೆ, ಉಪ್ಪು ತಿಂದವಳಿಗೆ ನೀರು ಬೇಡವೇ?

"ಸಾಕಾತೇನಬೇ, ಇನ್ನೊಂದಿಷ್ಟು ಇದ್ದಿಲು ನೀಡ್ಲೇನು?" ಎಂದು ಹಿಂದಿನಿಂದ ಯಾರೋ ಅಂದರು. ನಾನು ಕರಿ ಹಲ್ಲು ತೋರಿಸಿದೆ. ಗುಂಪೆಲ್ಲ ನಕ್ಕಿತು. ನನ್ನ ಗಂಡ ಮಾತ್ರ ಕುಣಿಯೊಳಗೆ ಮುಖ ಹಾಕಿ ಮಣ್ಣು ಎಳೆಯುತ್ತಿದ್ದ.

ಕುಣಿ ಮುಚ್ಚಿ, ನೀರು ಹೊಯ್ದು, ಪಂಪು ಶುರು ಮಾಡಿದರು. ನಳ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ನಾನು ಮುಟ್ಟಿದೆ. ಏನೂ ಆಗಲಿಲ್ಲ. ಮುದುಕಿ ಒಂದು ಬೆರಳು ಮುಟ್ಟಿಸಿ ತೆಗೆದಳು, ಮತ್ತೆ ಅಂಗೈ ಇಟ್ಟಳು. "ತಣ್ಣಗೈತಿ" ಎಂದಳು.

ಉಸ್ತಾದ ಗುರುವಾರ ಬಂದ. ದೀಪ ನೋಡಿದ, ಡೈನಮೋ ನೋಡಿದ, ತಂತಿಯ ಜೋಡುಗಳನ್ನು ಎಳೆದು ನೋಡಿದ. ನಳಕ್ಕೆ ಅಂಗೈಯ ಹಿಂಬದಿ ತಗುಲಿಸಿ ತಲೆಯಾಡಿಸಿದ. ಆಮೇಲೆ ಕುಣಿಯ ಹತ್ತಿರ ನಿಂತ. ಅದರ ಸುತ್ತ ರಂಗೋಲಿ ಇತ್ತು, ಅರಿಷಿಣ ಕುಂಕುಮ ಇತ್ತು.

"ಇದೇನು ಜವಾನ?"

ನನ್ನ ಗಂಡ ಎರಡೂ ಕೈ ತೊಡೆಗೆ ಹಚ್ಚಿ ನಿಂತು ಎಲ್ಲವನ್ನೂ ಹೇಳಿಬಿಟ್ಟ. ತಗಡು ಹೋದದ್ದು, ಮೂರು ವಾರ ತನಗೆ ತಿಳಿಯದಿದ್ದದ್ದು, ಎಲ್ಲ. ಕೋಣೆಯ ಬಾಗಿಲ ಹಿಂದೆ ನಿಂತು ನಾನು ಹಣೆ ಚಚ್ಚಿಕೊಂಡೆ. ಯಾರು ಕೇಳಿದ್ದರು ಅಷ್ಟೆಲ್ಲ? ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ, ನನಗೆ ಬೇಕಾದಷ್ಟು ಹೇಳಿದ್ದಾನೆ. ಕೆಲಸದ ವಿಷಯದಲ್ಲಿ ಮಾತ್ರ ಬರುತ್ತಿರಲಿಲ್ಲ.

ಉಸ್ತಾದನ ಗಡ್ಡ ನಡುಗಿತು. "ಬೇವಕೂಫ! ತಂತಿ ಎಳದು ನೋಡಿದಿ, ಅಗದು ನೋಡಲಿಲ್ಲ. ಮೂರು ವಾರ! ಯಾರಿಗರ ಜೋರಾಗಿ ಹೊಡದಿದ್ರ? ನೀ ಹೋದ ಮ್ಯಾಲ ಇವರು ಮತ್ತ ಅಗದು ಒಗದ್ರ? ನೀರು ಯಾರು ಹಾಕತಾರ? ಹೇಳು!"

ಅಷ್ಟರಲ್ಲಿ ಸಾವ್ಕಾರನ ತಾಯಿ ತನ್ನ ಮನೆಯ ಕಟ್ಟೆಯ ಮೇಲಿಂದ ಕೂಗಿದಳು.

"ಏ ಸಾಹೇಬ, ಆತನ್ನ ಯಾಕ ಬೈತೀ? ನೀರು ನಾ ಹಾಕಾಕತ್ತೀನಿ. ಎರಡು ಕೊಡ, ದಿನಾ. ಅಗಿಯಾಕ ಯಾರ ಬರ್ತಾರ ಬರಲಿ, ಕೈ ಮುರೀತೀನಿ."

ಉಸ್ತಾದ ಅತ್ತ ತಿರುಗಿದ. "ಒಳಗ ಏನೈತಿ ಗೊತ್ತೇನಮ್ಮ ನಿಮಗ?"

"ಗೊತ್ತಿಲ್ದ ಏನು? ತಳಕ್ಕ ಕಬ್ಬಿಣ. ಮ್ಯಾಲ ಉಪ್ಪು, ಇದ್ದಿಲು, ಉಪ್ಪು, ಇದ್ದಿಲು. ಒಣಗಗೊಡಬಾರದು. ಇಂಥಾದಕ್ಕ ನೀರು ತಪ್ಪಿದ್ರ ಮನೀಗೆ ತಿರುಗಿ ಬೀಳತೈತಿ."

ನನ್ನ ಗಂಡ ಅವಳನ್ನು ತಿದ್ದಲು ಬಾಯಿ ತೆರೆದ. ಉಸ್ತಾದ ಅವನ ಹೆಗಲು ಹಿಡಿದು, "ಚುಪ್" ಎಂದ. ಆಮೇಲೆ ತನ್ನ ಚೀಲದಿಂದ ಕಾಗದ ತೆಗೆಸಿ, ಸಾವ್ಕಾರನ ಮೇಜಿನ ಮೇಲೆ ಇಟ್ಟು ರುಜು ಮಾಡಿದ. ಸನದಿಗೆ ಸಿಕ್ಕಾ, ಅಂದರೆ ಮೊಹರು, ಬಿದ್ದು ಲಿಂಗಸುಗೂರಿನಿಂದ ಬರಲು ಇನ್ನೂ ಎರಡು ತಿಂಗಳಾಯಿತು. ಸಾವ್ಕಾರನ ಹೆಂಡತಿಗೆ ಆ ಸಲ ಬಸಿರು ನಿಂತಿತು. ಮುಂದೆ ಹೆಣ್ಣು ಹುಟ್ಟಿತೆಂದು ಕೇಳಿದೆ. ಹೆಸರು ಬಂದದ್ದು ತಗಡಿಗೆ. ಹೊತ್ತು ಹೆತ್ತವಳಿಗೆ ಯಾರೂ ಹೆಸರು ಕೊಡಲಿಲ್ಲ.

ಹಿಂಡು ಹೊರಡಲು ವಾರ ಇರುವಾಗ ನಾವು ಮಸ್ಕಿಗೆ ಹೋದೆವು. ನನ್ನ ಗಂಡ ಸನದನ್ನು ಅಣ್ಣನ ಕೈಯಲ್ಲಿ ಇಟ್ಟ. ಭಾವ ಅದನ್ನು ಮೇಲೆ ಕೆಳಗೆ ಮಾಡಿ ನೋಡಿದ. ಆಗಿನ ಎಲ್ಲ ಸರ್ಕಾರಿ ಕಾಗದದ ಹಾಗೆ ಬರೆದದ್ದು ಉರ್ದುವಿನಲ್ಲಿ. ಮನೆಯಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ.

"ಏನ್ ಬರದೈತಿ ಇದರಾಗ?"

"ನಾ ಕೆಲಸ ಕಲತೀನಿ ಅಂತ."

"ಓದಿ ಹೇಳು."

"ಓದಾಕ ಬರಂಗಿಲ್ಲಣ್ಣ. ಪಲ್ಟನ್ನಿನಾಗ ಬ್ಯಾರೆ ಅಕ್ಷರ ಕಲಿಸಿದ್ರು."

"ಮತ್ತ ನಾ ಹೆಂಗ ನಂಬಲಿ? ದನದ ಸಂತಿ ಚೀಟಿಗೂ ಇಂಥಾದ ಸಿಕ್ಕಾ ಇರತೈತಿ."

ಭಾವ ಕಾಗದವನ್ನು ಮಡಿಸಲಿಲ್ಲ, ತಿರುಗಿ ಕೊಡಲೂ ಇಲ್ಲ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ, ನನ್ನ ಮುಖ ನೋಡದೆ, "ನೀ ಸಂಗಾಟ ಇದ್ದಾಕಿ. ಖರೇನು?" ಎಂದು ಕೇಳಿದ.

ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಇಲ್ಲ. ಅಷ್ಟು ವರ್ಷದಲ್ಲಿ ನಾನು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವನೂ ನನ್ನನ್ನು ಏನೂ ಕೇಳಿರಲಿಲ್ಲ. ಅತ್ತೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಸೆರಗು ಎಳೆದುಕೊಂಡು ಹೊಸ್ತಿಲಿಗೆ ಬಂದು, "ಖರೆ" ಎಂದೆ.

ಭಾವ ಕಾಗದವನ್ನು ತಮ್ಮನ ಕೈಗೆ ಕೊಟ್ಟ. "ಹಂಗಾರ ಹೋಗ್ರಿ" ಎಂದ. ಹೋಗು ಎನ್ನಲಿಲ್ಲ, ಹೋಗ್ರಿ ಎಂದ. ಅಂದರೆ ನಾನೂ ಹೋಗಬಹುದು ಎಂದು ಅರ್ಥ. ಲಿಂಗಸುಗೂರಿನ ಆಚೆ ಚಿನ್ನದ ಗಣಿಯಲ್ಲಿ ತಂತಿಯ ಕೆಲಸಕ್ಕೆ ಜನ ಬೇಕಾಗಿದ್ದರು. ಮರುದಿನ ಸಿಕ್ಕ ಗಾಡಿಯಲ್ಲಿ ಹೋದೆವು.